ಸ್ವಂತ ಇಷ್ಟದಿಂದ

“ಲೇ ಮುಂಡೇವಾ, ನಿಮ್ ಕೈಗೇನು ಲಕ್ವ ಹೊಡ್ದಿದ್ಯಾ? ಒಂದ್ ಹೆಸ್ರು ಬರಿಯೋಕೆ ಎಷ್ಟೊತ್ತೇ?”

ಮ್ಯಾನೇಜರ್ ಸ್ಲಾವ್ಚೋ ಯಾಗೋದಾಳ ತಲೆಯ ಮೇಲಿಂದ ಬಾಗಿ ಕಂಪ್ಯೂಟರಿನ ಪರದೆ ನೋಡುತ್ತಿದ್ದ. ಪರದೆ ಮತ್ತೆ ಬೆಳ್ಳಗಾಗಿತ್ತು. ಯಾಗೋದಾ ತನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ಊರು ಎಲ್ಲವನ್ನೂ ಒಂದೊಂದೇ ಅಕ್ಷರ ಹುಡುಕಿ ಹೊಡೆದು, ಇನ್ನೇನು ಗುರುತಿನ ಚೀಟಿಯ ನಂಬರಿಗೆ ಬರಬೇಕು ಅನ್ನುವಷ್ಟರಲ್ಲಿ ಪುಟವೇ ಅಳಿಸಿಹೋಗಿತ್ತು. ಅದು ಹಾಗೆಯೇ. ಕೈ ನಿಂತರೆ ಸಾಕು, ಸ್ವಲ್ಪ ಹೊತ್ತು ಕಾದು ನೋಡಿ ಎಲ್ಲವನ್ನೂ ನುಂಗಿಬಿಡುತ್ತಿತ್ತು. ಬೆಳಿಗ್ಗೆಯಿಂದ ಇದೇ ಆಗುತ್ತಿತ್ತು.

“ನಾನೇನ್ ಮಾಡ್ಲಿ ಸಾರ್,” ಅಂದಳು ಯಾಗೋದಾ. “ಹೊಲ್ಗೆ ಮಶೀನಾದ್ರೆ ಕಾಲಲ್ಲಿ ಒತ್ತಿದ್ರೆ ಓಡ್ತದೆ. ಈ ದರಿದ್ರಕ್ಕೆ ಪೆಡಲ್ಲೇ ಇಲ್ವಲ್ಲ.”

ಗೋಡೆಗೆ ಒರಗಿ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ. ಪ್ರತಿ ಅಕ್ಷರ ಒತ್ತುವಾಗಲೂ ಅವಳ ಬಲಗಾಲು ಮೇಜಿನ ಕೆಳಗೆ ನೆಲವನ್ನು ಒತ್ತುತ್ತಿದ್ದುದನ್ನು ನಾನು ನೋಡುತ್ತಲೇ ಇದ್ದೆ. ಕೀಲಿಗಳ ಮೇಲೆ ನಮ್ಮ ಅಕ್ಷರಗಳೂ ಇರಲಿಲ್ಲ. ಆಫೀಸಿನ ಹುಡುಗಿ ಚಿಕ್ಕ ಚಿಕ್ಕ ಚೀಟಿ ಬರೆದು ಅಂಟಿಸಿದ್ದಳು. ಅರ್ಧ ಆಗಲೇ ಉದುರಿದ್ದವು. ಫೋನನ್ನು ನಾವೆಲ್ಲ ಹೆಬ್ಬೆರಳಿನಲ್ಲೇ ಆಡಿಸುತ್ತೇವೆ. ಆದರೆ ಇಲ್ಲಿ ಪರದೆಯನ್ನು ಮುಟ್ಟಿದರೆ ಏನೂ ಆಗುತ್ತಿರಲಿಲ್ಲ, ಸೀಮೆಸುಣ್ಣದ ಬೆರಳಚ್ಚು ಮಾತ್ರ ಉಳಿಯುತ್ತಿತ್ತು. ಯಾಗೋದಾ ಮತ್ತೆ ಬೆರಳು ಚಾಚಿದ್ದಕ್ಕೆ ಸ್ಲಾವ್ಚೋ ಅವಳ ಕೈಯ ಮೇಲೆ ಫಟ್ಟನೆ ಹೊಡೆದ.

ಆ ಕೋಣೆ ಹಿಂದೆ ಕೂಸಿನ ಮನೆಯಾಗಿತ್ತು. ಕಾರ್ಖಾನೆ ಸರ್ಕಾರದ್ದಾಗಿದ್ದ ಕಾಲದಲ್ಲಿ ತಾಯಂದಿರು ಮಕ್ಕಳನ್ನು ಇಲ್ಲಿ ಬಿಟ್ಟು ಕೆಳಗೆ ಹೊಲಿಗೆಗೆ ಇಳಿಯುತ್ತಿದ್ದರು. ಹಾಲೂಡಿಸುವ ಹೊತ್ತಿಗೆ ಮೇಲೆ ಬರುತ್ತಿದ್ದರು. ಗೋಡೆಯ ಮೇಲಿನ ಚಿತ್ರಗಳು ಮಾಸಿವೆ. ಸೊಂಟದೆತ್ತರಕ್ಕೆ ಸಾಲಾಗಿ ಕೋಟಿನ ಕೊಕ್ಕೆಗಳಿವೆ, ಒಂದೊಂದರ ಮೇಲೂ ಒಂದೊಂದು ಚಿತ್ರ. ನನ್ನದು ಬಾತುಕೋಳಿ ಎಂದು ಅವ್ವ ಹೇಳುತ್ತಿದ್ದಳು. ಬಾಗಿಲ ಚಿಲಕ ಮಾತ್ರ ಮಕ್ಕಳ ಕೈಗೆ ಎಟುಕದ ಹಾಗೆ ಮೇಲೆ, ಚೌಕಟ್ಟಿನ ಹತ್ತಿರ. ಕಂಪ್ಯೂಟರನ್ನು ಇಟ್ಟಿದ್ದು ಮಕ್ಕಳ ಮೇಜಿನ ಮೇಲೆ. ನಾವು ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತಿದ್ದೆವು.

ಬರೆಯಬೇಕಾಗಿದ್ದು ದೊಡ್ಡದೇನಲ್ಲ. ರಾಜಧಾನಿ ಸ್ಕೋಪ್ಯೆಯಲ್ಲಿರುವ ದಣಿ ಈ ಕಂಪನಿ ಮುಚ್ಚಿ, ಇದೇ ಕಟ್ಟಡದಲ್ಲಿ, ಇವೇ ಮಶೀನುಗಳಲ್ಲಿ, ಬಾಮೈದನ ಹೆಸರಲ್ಲಿ ಇನ್ನೊಂದು ಕಂಪನಿ ತೆರೆಯುತ್ತಿದ್ದ. ತಾನಾಗಿ ಮುಚ್ಚಿದರೆ ನಮಗೆ ಕೊಡಬೇಕಾದದ್ದನ್ನೆಲ್ಲ ಕೊಡಬೇಕು. ನಾವಾಗಿಯೇ ಬಿಟ್ಟು ಹೋದೆವು ಅಂದರೆ ಅವನು ಕೈ ತೊಳೆದ ಹಾಗೆ. ಅದಕ್ಕೆ ಕಂಪ್ಯೂಟರಿನ ಆ ಅರ್ಜಿಯಲ್ಲಿ ಒಂದು ಚೌಕ ಇತ್ತು, ಅದರ ಪಕ್ಕದಲ್ಲಿ ‘ಸ್ವಂತ ಇಷ್ಟದಿಂದ ಕೆಲಸ ಬಿಡುತ್ತಿದ್ದೇನೆ’ ಎಂದಿತ್ತು. ಚೌಕದಲ್ಲಿ ಗುರುತು ಹಾಕಿದವಳಿಗೆ ನಾಳೆ ಹೊಸ ಕಂಪನಿಯಲ್ಲಿ ಕೆಲಸ. ಸ್ಲಾವ್ಚೋ ಇದನ್ನೇನೂ ಮುಚ್ಚಿಟ್ಟಿರಲಿಲ್ಲ. ಬೆಳಿಗ್ಗೆಯೇ ಎಲ್ಲರ ಗುರುತಿನ ಚೀಟಿ ಕಿತ್ತುಕೊಂಡು ಎದುರೆದುರೇ ಹೇಳಿದ್ದ.

ಒಬ್ಬಳಿಗೆ ಮಾತ್ರ ಬೇರೆ ಮಾತು. ನೆವೆನಾ ಷರ್ಟಿನ ಗುಂಡಿಗೆ ಕಾಜಾ ಹಾಕುವ ಮಶೀನಿನವಳು, ತುಂಬು ಬಸುರಿ. ಅವಳ ಹೊಟ್ಟೆಯ ಕಡೆ ಪೆನ್ನು ತೋರಿಸಿ ಅವನು ಎಲ್ಲರ ಮುಂದೆ ಅಂದಿದ್ದ, “ಈ ಗುಡಾಣ ಹೊತ್ಕೊಂಡು ಹೊಸ ಕಂಪ್ನಿಗ್ ಬರ್ಬೇಡ. ಅದನ್ನ ಖಾಲಿ ಮಾಡ್ಕೊಂಡು ಆಮೇಲೆ ಬಾ, ನೋಡಾಣ. ಆದ್ರೆ ಅರ್ಜಿ ಮಾತ್ರ ನೀನೂ ಹಾಕ್ಲೇಬೇಕು.”

ಹಳೆಯ ಕಂಪನಿಯ ಹಾಜರಿಯಲ್ಲಿ ಇದ್ದರೆ ಅವಳಿಗೆ ಹೆರಿಗೆ ರಜೆಯ ಸಂಬಳ ಬರುತ್ತಿತ್ತು. ತಾನಾಗಿ ಬಿಟ್ಟೆ ಎಂದು ಬರೆದುಕೊಟ್ಟರೆ ಒಂದು ಕಾಸೂ ಇಲ್ಲ. ಗಂಡ ಅಮೃತಶಿಲೆಯ ಗಣಿಯಲ್ಲಿ ಬೆನ್ನು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ಹುಟ್ಟುವ ಕೂಸಿಗೆ ಆ ಸಂಬಳವೇ ಹಾಲು, ಅದೇ ಒಲೆಯ ಸೌದೆ.

ಅವಳ ಬೆನ್ನಿಗೆ ಒರಗು ಇರಲಿಲ್ಲ. ಕತ್ತರಿಸಿ ಉಳಿದ ಬಟ್ಟೆಯನ್ನು ಸುರುಳಿ ಸುತ್ತಿ ನಾನು ಅವಳ ಸೊಂಟಕ್ಕೂ ಗೋಡೆಗೂ ನಡುವೆ ತುರುಕಿದೆ. ಏಪ್ರನ್ನಿನ ಗಂಟನ್ನೂ ಸಡಿಲಿಸಿದೆ. ಅವಳು ನನ್ನ ಕಿವಿಯ ಹತ್ತಿರ ಬಂದು, “ಮಾಗ್ದಕ್ಕ, ನಂದು ಬಂದಾಗ ಆ ಚೌಕಾನ ನಾನು ಒತ್ತಲ್ಲ. ಏನಾದ್ರೂ ಮಾಡ್ಕೊಳ್ಲಿ,” ಅಂದಳು. ಬಾಯಿಂದ ಬೆಳಿಗ್ಗೆ ತಿಂದ ಬ್ರೆಡ್ಡು, ಸುಟ್ಟ ಮೆಣಸಿನಕಾಯಿ ಚಟ್ನಿಯ ವಾಸನೆ ಬರುತ್ತಿತ್ತು. ಕೈ ತಣ್ಣಗಿತ್ತು.

ಕೆಳಗೆ ಅಂಗಳದಲ್ಲಿ ಜರ್ಮನಿಗೆ ಹೋಗಬೇಕಾದ ಲಾರಿ ಹಾರನ್ ಹೊಡೆಯಿತು. ಷರ್ಟುಗಳು ಇನ್ನೂ ಅರ್ಧ ಮಶೀನುಗಳ ಮೇಲೇ ಬಿದ್ದಿದ್ದವು. ಸ್ಲಾವ್ಚೋ ಕಿಟಕಿಯಿಂದ ಬಗ್ಗಿ ಡ್ರೈವರನ ತಾಯಿಯನ್ನು ಬೈದು, ನಮ್ಮ ಕಡೆ ತಿರುಗಿದ. ಅವನಿಗೆ ಏನೋ ಹೊಳೆದಂತಿತ್ತು.

“ಲೇ, ನಿಮ್ಮಲ್ಲಿ ಯಾವಳಾದ್ರೂ ಒಂದು ಷರ್ಟು ಪೂರ್ತಿ ಹೊಲ್ದಿದ್ದೀರೇನೆ? ಇಲ್ಲ. ಕಾಲರ್ನೋಳ್ಗೆ ಕಾಲರ್ರು, ಕಾಜಾದೋಳ್ಗೆ ಕಾಜಾ. ಅಷ್ಟೇ ನಿಮ್ ಮೆದುಳು. ಇದನ್ನೂ ಹಂಗೇ ಹೊಲೀರಿ, ಎದ್ದೇಳಿ.”

ಕೆಳಗಿನ ಲೈನನ್ನೇ ಅವನು ಮೇಲೆ ತಂದು ಕೂರಿಸಿದ. ಬೆಂಚಿನ ಒಂದು ತುದಿಯಲ್ಲಿ ಯಾಗೋದಾ, ಎಲ್ಲರ ಹೆಸರು ಹೊಡೆಯುವುದಕ್ಕೆ. ಅವಳ ಪಕ್ಕ ನಾನು, ಎಲ್ಲರ ನಂಬರು ಹೊಡೆಯುವುದಕ್ಕೆ. ನನ್ನ ಪಕ್ಕ ನೆವೆನಾ; ಅವಳ ಕೈಗೆ ಮೌಸು ಕೊಟ್ಟು, “ನೀನು ಕಾಜಾದೋಳು ತಾನೆ, ಚೌಕ ಬಂದಾಗ ಟಕ್ ಅಂತ ಒತ್ತು, ಕೆಳಗಿರೋ ‘ಮುಂದೆ’ ಒತ್ತು, ಮೌಸು ಆಚೆಗೆ ತಳ್ಳು,” ಅಂದ. ಉಳಿದವರು ಗೋಡೆಯ ಪಕ್ಕ ಕಾಯಬೇಕು. ಲೈನಿನ ಕೊನೆಯಲ್ಲಿ ಗ್ರೋಜ್ದಾ.

ಗ್ರೋಜ್ದಾ ಚೆಕಿಂಗಿನವಳು. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಿರಿಯಳು. ಪ್ರತಿ ಷರ್ಟೂ ಪೆಟ್ಟಿಗೆ ಸೇರುವ ಮೊದಲು ಅವಳ ಕೈಯಿಂದ ಹಾದು ಹೋಗಬೇಕು. ಕತ್ತಿನಲ್ಲಿ ದಾರ ಕಟ್ಟಿ ತೂಗುಹಾಕಿಕೊಂಡ ಪುಟ್ಟ ಟ್ರಿಮ್ಮರ್ ಕತ್ತರಿಯಿಂದ ಇಳಿಬಿದ್ದ ನೂಲು ಕತ್ತರಿಸುತ್ತಾಳೆ. ಹೊಲಿಗೆ ತಪ್ಪಿದ ಕಡೆ ಕೆಂಪು ಕಾಗದದ ಬಾಣ ಅಂಟಿಸಿ ಹಿಂದಕ್ಕೆ ಎಸೆಯುತ್ತಾಳೆ. ಬಾಣ ಬಿದ್ದವಳಿಗೆ ಸಂಬಳ ಕಟ್. ಬಸುರಿಗೆ ವಾಂತಿ ಬಂದು ಕೈ ನಡುಗಿದ ದಿನಗಳಲ್ಲಿ ನೆವೆನಾಳ ಕಾಜಾಗಳಿಗೂ ಅವಳು ಬಾಣ ಹಾಕಿದ್ದಳು. ನಾವ್ಯಾರೂ ಅವಳ ಜೊತೆ ಕೂತು ಊಟ ಮಾಡುತ್ತಿರಲಿಲ್ಲ. ಯಾಗೋದಾ ಅವಳನ್ನು ದಣಿಯ ಕತ್ತರಿ ಎನ್ನುತ್ತಿದ್ದಳು, ಅವಳಿಗೆ ಕೇಳಿಸುವ ಹಾಗೆಯೇ. ಹೊಸ ಕಂಪನಿಯಲ್ಲಿ ಅವಳಿಗೆ ಸೂಪರ್‌ವೈಸರ್ ಕೆಲಸ ಎಂದು ಸ್ಲಾವ್ಚೋ ಬೆಳಿಗ್ಗೆಯೇ ಸಾರಿಬಿಟ್ಟಿದ್ದ.

ಅವಳ ಕೆಲಸ ಇಲ್ಲೂ ಅದೇ. ಪರದೆಯ ಹೆಸರನ್ನೂ ಗುರುತಿನ ಚೀಟಿಯನ್ನೂ ತಾಳೆ ನೋಡಿ, ಸರಿಯಿದ್ದರೆ ‘ಸೇರಿಸು’ ಒತ್ತಬೇಕು, ತಪ್ಪಿದ್ದರೆ ‘ಹಿಂದಕ್ಕೆ’. ಸೇರಿಸಿದ ಅರ್ಜಿಗಳು ಕೆಳಗೆ ಸಾಲಾಗಿ ಕೂರುತ್ತಿದ್ದವು. ಎಲ್ಲರದೂ ಮುಗಿದ ಮೇಲೆ ‘ಕಳಿಸು’ ಎಂಬ ಹಸಿರು ಗುಂಡಿ. ಸ್ಲಾವ್ಚೋ ಬೆರಳೆತ್ತಿ ಎಚ್ಚರಿಸಿದ. ಅದನ್ನು ಒತ್ತುವ ತನಕ ಯಾವುದೂ ಹೋದ ಹಾಗಲ್ಲ, ನಡುವೆ ಕೈ ಬಿಟ್ಟರೆ ಸಾಲಿಗೆ ಸಾಲೇ ಅಳಿಸಿಹೋಗುತ್ತದೆ, ಹಾಗೇನಾದರೂ ಆದರೆ ಒಬ್ಬೊಬ್ಬಳ ಚರ್ಮ ಸುಲಿಯುತ್ತೇನೆ ಅಂದ.

ಆಮೇಲೆ ತನ್ನ ಫೋನನ್ನು ನೂಲಿನ ಉಂಡೆಗೆ ಒರಗಿಸಿ ನಮ್ಮ ಕಡೆ ತಿರುಗಿಸಿ ಇಟ್ಟ. ಅದರಲ್ಲಿ ವಿಡಿಯೋ ಓಡುತ್ತಿತ್ತು. ನಾಳೆ ಯಾರಾದರೂ ಬಲವಂತ ಮಾಡಿದರು ಎಂದು ಬಾಯಿ ಬಿಟ್ಟರೆ ತೋರಿಸಬೇಕಂತೆ, ನಾವೇ ನಮ್ಮ ಕೈಯಾರೆ ಬರೆದದ್ದನ್ನು. ವಕೀಲರು ಹೇಳಿದ್ದಾರಂತೆ.

“ಮುಖ ಸೊಟ್ಟ ಮಾಡ್ಬೇಡಿ,” ಅಂದ. “ಮದ್ವೆ ಫೋಟೋಗೆ ನಿಂತಂಗಿರ್ಲಿ.”

“ಮದ್ವೇಲಾದ್ರೆ ಒಂದ್ ಗ್ಲಾಸ್ ಕುಡಿಯೋಕ್ ಕೊಡ್ತಾರೆ ಸಾರ್,” ಅಂದಳು ಯಾಗೋದಾ.

ಶುರುವಾಯಿತು. ಮೊದಮೊದಲು ಯಾಗೋದಾ ತಡವರಿಸಿದಳು, ನಾನು ಸೊನ್ನೆಯ ಬದಲು ಓ ಅಕ್ಷರ ಹೊಡೆದೆ, ಗ್ರೋಜ್ದಾ ಹಿಂದಕ್ಕೆ ಕಳಿಸಿದಳು. ಆಮೇಲೆ ಕೈ ಹದಕ್ಕೆ ಬಂತು. ಯಾಗೋದಾ ಹೆಸರು ಹೊಡೆದು ಕೀಲಿಮಣೆಯನ್ನು ನನ್ನ ಕಡೆ ತಳ್ಳುತ್ತಿದ್ದಳು. ನಾನು ಚೀಟಿಯಲ್ಲಿ ಅಂಕಿಗಳನ್ನು ಮಾತ್ರ ನೋಡಿ ಹೊಡೆಯುತ್ತಿದ್ದೆ. ಪಕ್ಕದಲ್ಲಿ ಟಕ್, ಟಕ್. ಮೌಸು ಗ್ರೋಜ್ದಾಳ ಕಡೆ ಜಾರುತ್ತಿತ್ತು, ಮತ್ತೆ ಬರುತ್ತಿತ್ತು. ಮೇಜಿನ ಕೆಳಗೆ ನಮ್ಮ ಮೂವರ ಕಾಲುಗಳೂ ಒಟ್ಟಿಗೆ ನೆಲ ಒತ್ತುತ್ತಿದ್ದವು.

ಲೈನಿನಲ್ಲಿ ಕೂತವರಿಗೆ ಇದು ಗೊತ್ತು. ಯಾರ ಷರ್ಟು, ಎಂಥ ಬಣ್ಣ, ಯಾವ ದೇಶಕ್ಕೆ, ಏನೂ ಕಾಣುವುದಿಲ್ಲ. ಬರುವ ತುಂಡಿಗೆ ಕೈ ತಾನಾಗಿ ಹೋಗುತ್ತದೆ. ನೆವೆನಾ ಕಾಜಾ ಹಾಕುವಾಗ ಕಣ್ಣು ಅರೆ ಮುಚ್ಚಿ ರೇಡಿಯೋದ ಹಾಡು ಗುನುಗುತ್ತಾಳೆ. ಒಂದು ಕಾಜಾ ಕೂಡ ಅತ್ತಿತ್ತ ಸರಿಯುವುದಿಲ್ಲ. ಇಲ್ಲೂ ಗುನುಗುತ್ತಿದ್ದಳು. ಎಡಗೈ ಹೊಟ್ಟೆಯ ಮೇಲಿತ್ತು. ಒಳಗೆ ಕೂಸು ಒದ್ದಾಗೆಲ್ಲ ಅಲ್ಲಿ ಸವರುತ್ತಿದ್ದಳು.

ಚೀಟಿಗಳ ಗುಡ್ಡೆ ಕರಗುತ್ತಾ ಬಂತು. ಯಾಗೋದಾ ಒಮ್ಮೆ ಕೆಮ್ಮಿದಳು. ಹೆಸರು ಹೊಡೆಯುವುದನ್ನು ನಿಧಾನ ಮಾಡಿದಳು, ಮತ್ತೆ ಕೆಮ್ಮಿದಳು. ಸ್ಲಾವ್ಚೋ, “ಕ್ಷಯ ಬಂತೇನೆ ನಿಂಗೆ, ಹೊಡಿ,” ಅಂದ. ಕೀಲಿಮಣೆ ನನ್ನ ಹತ್ತಿರ ಬಂತು. ನಾನು ಅಂಕಿಗಳನ್ನು ಹೊಡೆದೆ. ಪಕ್ಕದಲ್ಲಿ ಟಕ್, ಟಕ್. ಮೌಸು ಜಾರಿತು.

ಗುನುಗು ನಿಂತಿತು.

ನೆವೆನಾಳ ಬಲಗೈ ಇನ್ನೂ ಮೌಸು ಹಿಡಿದ ಆಕಾರದಲ್ಲೇ ಮೇಜಿನ ಮೇಲಿತ್ತು. ಅವಳು ಪರದೆಯ ಮೇಲ್ತುದಿಯನ್ನು ನೋಡುತ್ತಿದ್ದಳು, ಸಣ್ಣ ಅಕ್ಷರದಲ್ಲಿ ಹೆಸರು ಬರುವ ಕಡೆ.

“ಅದು ನಂದು,” ಅಂದಳು.

ಯಾಗೋದಾ ಕೆಮ್ಮಿದ್ದು ಯಾಕೆಂದು ನನಗೆ ಆಗ ಹೊಳೆಯಿತು.

“ಅದು ನಂದು. ನಾನ್ ನೋಡ್ಲಿಲ್ಲ. ಕೈ ಹೋಗ್ಬಿಡ್ತು.”

“ಹೋದ್ರೆ ಒಳ್ಳೇದೇ ಆಯ್ತು,” ಅಂದ ಸ್ಲಾವ್ಚೋ. ನಗುತ್ತಿದ್ದ. “ನಿನ್ ಕೈಗೇ ನಿಂಗಿಂತ ಬುದ್ಧಿ ಐತೆ. ಗ್ರೋಜ್ದಾ, ಸೇರ್ಸು. ಅದೇ ಕೊನೇದು. ಸೇರ್ಸಿ ಹಸ್ರುಗುಂಡಿ ಒತ್ತಿ ಎದ್ದೇಳಿ, ಲಾರಿ ಕಾಯ್ತಾ ಐತೆ.”

ಗ್ರೋಜ್ದಾ ಗುರುತಿನ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಪರದೆ ನೋಡಿದಳು, ಚೀಟಿ ನೋಡಿದಳು. ಅವಳ ಭುಜದ ಪಕ್ಕದ ಕೊಕ್ಕೆಯ ಮೇಲೆ ಎರಡು ಚೆರ್ರಿ ಹಣ್ಣುಗಳ ಚಿತ್ರ ಇತ್ತು. ಅದು ಅವಳ ಮಗಳದ್ದು. ನನ್ನ ಬಾತುಕೋಳಿಯ ಪಕ್ಕದ್ದೇ. ನಾನೂ ಅವಳ ಮಗಳೂ ಒಂದೇ ತಟ್ಟೆಯಲ್ಲಿ ಮಣ್ಣಿ ತಿಂದವರು ಎಂದು ಅವ್ವ ಹೇಳಿದ ನೆನಪು.

“ಹೆಸ್ರು ಸರಿ ಐತೆ,” ಅಂದಳು ಗ್ರೋಜ್ದಾ. “ನಂಬ್ರು ಸರಿ ಐತೆ.” ಆಮೇಲೆ ನೆವೆನಾಳ ಕಡೆ ತಿರುಗಿ, ಷರ್ಟಿನ ಅಳತೆ ಕೇಳುವ ದನಿಯಲ್ಲೇ ಕೇಳಿದಳು, “ಇಲ್ಲಿ ಸ್ವಂತ ಇಷ್ಟ ಅಂತ ಐತೆ. ನಿನ್ನಿಷ್ಟಾನಾ ಮಗಾ?”

ಅವಳ ಬಾಯಿಂದ ಮಗಾ ಅನ್ನುವ ಮಾತನ್ನು ನಾವ್ಯಾರೂ ಕೇಳಿರಲಿಲ್ಲ.

“ಅಲ್ಲ ಗ್ರೋಜ್ದಕ್ಕ,” ಅಂದಳು ನೆವೆನಾ.

ಗ್ರೋಜ್ದಾ ಏಪ್ರನ್ನಿನ ಜೇಬಿಗೆ ಕೈ ಹಾಕಿ ಕಾಗದದ ಪಟ್ಟಿ ತೆಗೆದಳು. ಒಂದು ಕೆಂಪು ಬಾಣ ಕಿತ್ತು, ಪರದೆಯ ಮೇಲೆ, ಚೌಕಕ್ಕೆ ಸರಿಯಾಗಿ ತುದಿ ತಾಗುವ ಹಾಗೆ ಅಂಟಿಸಿದಳು. ಹೆಬ್ಬೆರಳಿಂದ ಒತ್ತಿ ನೀವಿದಳು.

“ಅದೇನೇ ಅದು?” ಅಂದ ಸ್ಲಾವ್ಚೋ.

“ಡ್ಯಾಮೇಜು. ಹಿಂದಕ್ಕೆ ಹೋಗ್ತದೆ.”

“ತಲೆ ಕೆಟ್ಟಿದ್ಯಾ ಮುದುಕಿ? ಸೇರ್ಸು.”

“ಡ್ಯಾಮೇಜು ನನ್ ಕೈ ದಾಟಿ ಹೋಗಲ್ಲ. ನೀವೇ ಕೂರ್ಸಿದ್ದು ನನ್ನ ಇಲ್ಲಿ.”

“ಸೂಪರ್‌ವೈಸರ್ ಆಗ್ಬೇಕೋ, ನಾಳೆಯಿಂದ ಬೀದೀಲಿ ಕೂರ್ಬೇಕೋ?”

ಗ್ರೋಜ್ದಾ ಮೌಸನ್ನು ‘ಹಿಂದಕ್ಕೆ’ ಎಂದಿದ್ದ ಕಡೆ ಎಳೆಯತೊಡಗಿದಳು. ಸ್ಲಾವ್ಚೋ ಮುನ್ನುಗ್ಗಿ ಅವಳ ಕೈಯ ಮೇಲೆ ತನ್ನ ಕೈ ಅದುಮಿದ. ದೊಡ್ಡ ಕೈ, ಉಂಗುರದ ಕೈ. ಅದರ ಕೆಳಗೆ ಗ್ರೋಜ್ದಾಳ ಬೆರಳುಗಳು ಕಾಣಲೇ ಇಲ್ಲ. ಅವನು ಅವಳ ಕೈಯನ್ನೂ ಮೌಸನ್ನೂ ಒಟ್ಟಿಗೆ ‘ಸೇರಿಸು’ ಗುಂಡಿಯ ಕಡೆ ತಳ್ಳುತ್ತಿದ್ದ. ಗ್ರೋಜ್ದಾಳ ಮಣಿಕಟ್ಟು ಬೆಳ್ಳಗಾಯಿತು, ಮುಖ ಮಾತ್ರ ಚೆಕಿಂಗ್ ಮೇಜಿನಲ್ಲಿ ಇರುವ ಹಾಗೇ ಇತ್ತು. ಪರದೆಯ ಮೇಲೆ ಸಣ್ಣ ಬಿಳಿ ಬಾಣವೊಂದು ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ತಡವರಿಸುತ್ತಿತ್ತು.

ಅವಳ ಎಡಗೈ ಕತ್ತಿನ ಹತ್ತಿರ ಹೋಯಿತು. ಟ್ರಿಮ್ಮರು ಅಲ್ಲೇ ತೂಗುತ್ತಿತ್ತು. ಇಳಿಬಿದ್ದ ನೂಲು ಕತ್ತರಿಸುವ ಹಾಗೆಯೇ, ಕಣ್ಣು ಕೂಡ ಹಾಯಿಸದೆ, ಅವಳು ಮೌಸಿನ ವೈರನ್ನು ಕಚಕ್ಕನೆ ಕತ್ತರಿಸಿದಳು. ಆಮೇಲೆ ಕೀಲಿಮಣೆಯದನ್ನು. ಅದು ಸ್ವಲ್ಪ ದಪ್ಪ. ಎರಡು ಸಲ ಕಚ್ಚಿಸಬೇಕಾಯಿತು.

ಸ್ಲಾವ್ಚೋ ಇನ್ನೂ ಒತ್ತುತ್ತಲೇ ಇದ್ದ. ಪರದೆಯ ಬಿಳಿ ಬಾಣ ಅಲುಗದಿದ್ದಾಗ ಕೈ ಎತ್ತಿ ನೋಡಿದ. ಬಾಲ ತುಂಡಾದ ಮೌಸು ಗ್ರೋಜ್ದಾಳ ಅಂಗೈಯಲ್ಲಿ ಉಳಿಯಿತು. ಅವನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅದರಲ್ಲಿ ಗ್ರೋಜ್ದಾಳ ಅವ್ವ ಇದ್ದಳು, ಮಗಳಿದ್ದಳು, ನೆವೆನಾಳ ಹೊಟ್ಟೆಯಲ್ಲಿ ಇನ್ನೂ ಹುಟ್ಟದ್ದೂ ಇತ್ತು. ಗ್ರೋಜ್ದಾ ತುಂಡಾದ ವೈರಿನ ತುದಿಗಳನ್ನು ಸಮ ಮಾಡಿ, ಚೂರುಗಳನ್ನು ಜೇಬಿಗೆ ಹಾಕಿಕೊಂಡಳು. ನೆಲದ ಮೇಲೆ ಕಸ ಬಿಡುವುದು ಅವಳಿಗೆ ಆಗದು.

“ಕೆಳಗ್ ಆಫೀಸ್ನಾಗೆ ಇನ್ನೊಂದ್ ಐತೆ,” ಅಂತ ಅವನು ಬಾಗಿಲಿಗೆ ಓಡಿದ. “ತರ್ತೀನಿ. ಒಬ್ಳೂ ಅಲ್ಲಾಡ್ಬಾರ್ದು ಇಲ್ಲಿಂದ.” ಬೂಟುಗಳು ಮೆಟ್ಟಿಲಿಳಿಯುವುದು ಕೇಳಿಸಿತು. ಫೋನನ್ನು ಮರೆತೇ ಹೋಗಿದ್ದ. ಅದು ನೂಲಿನ ಉಂಡೆಗೆ ಒರಗಿ, ಕೆಂಪು ಚುಕ್ಕೆ ಮಿಟುಕಿಸುತ್ತಾ, ನಮ್ಮನ್ನೇ ನೋಡುತ್ತಿತ್ತು.

ಸ್ವಲ್ಪ ಹೊತ್ತು ಯಾರೂ ಅಲ್ಲಾಡಲಿಲ್ಲ, ನಿಜ. ಅವನು ಹೇಳಿದ್ದಕ್ಕಲ್ಲ. ಸಾಲಿನಲ್ಲಿ ನಮ್ಮೆಲ್ಲರ ಹೆಸರೂ ಇತ್ತು. ಅದು ಅಳಿಸಿದರೆ ಹೊಸ ಕಂಪನಿಯ ಕೆಲಸವೂ ಹೋದ ಹಾಗೆ. ಗೋಡೆಯ ಹತ್ತಿರ ಯಾರೋ, ನನಗೆ ಇಬ್ಬರು ಶಾಲೆಗೆ ಹೋಗುವವರಿದ್ದಾರೆ ಎಂದು ಪಿಸುಗುಟ್ಟಿದರು. ಇನ್ಯಾರೋ ಅವಳನ್ನು ಸುಮ್ಮನಿರಿಸಿದರು. ನೆವೆನಾ ಯಾರ ಮುಖವನ್ನೂ ನೋಡದೆ, ಮೇಜಿನ ಮೇಲಿದ್ದ ತನ್ನ ಬಲಗೈಯನ್ನೇ ನೋಡುತ್ತಾ ಕೂತಿದ್ದಳು.

ಯಾಗೋದಾ ಎದ್ದಳು. ಮಕ್ಕಳ ಸ್ಟೂಲೊಂದನ್ನು ಕಾಲಿಂದ ಬಾಗಿಲ ಹತ್ತಿರ ತಳ್ಳಿದಳು, ಅದರ ಮೇಲೆ ಹತ್ತಿದಳು, ಕೈ ಚಾಚಿ ಮೇಲಿನ ಚಿಲಕ ಹಾಕಿದಳು. ತುಕ್ಕು ಹಿಡಿದಿತ್ತು, ಅಂಗೈಯಿಂದ ಗುದ್ದಿ ಕೂರಿಸಿದಳು.

“ಬಡ್ಡಿಮಗ ಮೌಸು ತರೋಕ್ ಹೋಗವ್ನೆ,” ಅಂದಳು ಕೆಳಗಿಳಿಯುತ್ತಾ. “ತರ್ಲಿ. ಬಾಗ್ಲಿಗ್ ಹಚ್ಕೊಂಡು ಒತ್ಲಿ.”

ಯಾರೂ ನಗಲಿಲ್ಲ. ಯಾರೂ ಎದ್ದು ಚಿಲಕ ತೆಗೆಯಲೂ ಇಲ್ಲ.

ಗ್ರೋಜ್ದಾ ಚೀಟಿಗಳ ಗುಡ್ಡೆಯನ್ನು ಮಡಿಲಿಗೆ ಹಾಕಿಕೊಂಡು ಒಬ್ಬೊಬ್ಬರ ಹೆಸರು ಕೂಗಿ ಕೊಡತೊಡಗಿದಳು. ಕೂಗಿದವಳು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಲಂಗದ ಜೇಬಿಗೋ ಎದೆಗೋ ಸೇರಿಸಿಕೊಂಡು ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದಳು. ಎಲ್ಲರ ಕಣ್ಣೂ ಪರದೆಯ ಮೇಲೆ. ಹೆಸರು, ನಂಬರು, ಚೌಕ, ಚೌಕದೊಳಗಿನ ಗುರುತು, ಕೆಳಗೆ ನಮ್ಮೆಲ್ಲರ ಸಾಲು, ಅದರ ಕೆಳಗೆ ಹಸಿರು ಗುಂಡಿ. ಬೆಳಿಗ್ಗೆಯೆಲ್ಲ ನುಂಗುವಾಗ ಒಂದು ಕ್ಷಣವೂ ಕಾಯದ ಹಾಗಿದ್ದ ಆ ಪುಟ ಈಗ ಅಳಿಯದೆ ಸುಮ್ಮನೆ ನಿಂತಿತ್ತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಪಕ್ಕದಲ್ಲಿ ನೆವೆನಾ ಉಸಿರಾಡುವುದು ಕೇಳಿಸುತ್ತಿತ್ತು.

ಲಾರಿ ಹಾರನ್ ಹೊಡೆಯಿತು. ಮೆಟ್ಟಿಲ ಮೇಲೆ ಬೂಟುಗಳು ಮತ್ತೆ ಹತ್ತಿದವು. ಬಾಗಿಲು ಒಮ್ಮೆ ಅಲುಗಿತು. ಆಮೇಲೆ ಗುದ್ದು ಬಿತ್ತು. ಚೌಕಟ್ಟಿನಿಂದ ಸುಣ್ಣ ಉದುರಿತು.

“ತೆಗೀರೇ! ಮುಂಡೇವಾ, ತೆಗೀರಿ!”

“ನೆವೆನಾ,” ಅಂತ ಗ್ರೋಜ್ದಾ ಕೊನೆಯ ಚೀಟಿಯನ್ನು ಚಾಚಿದಳು. ನೆವೆನಾ ತೆಗೆದುಕೊಂಡಳು.

ಇನ್ನೊಂದು ಗುದ್ದಿಗೆ ಚಿಲಕದ ಒಂದು ಮೊಳೆ ಕಿತ್ತು ನೆಲಕ್ಕೆ ಬಿತ್ತು. ಅದು ಉರುಳಿ ನಿಲ್ಲುವಷ್ಟರಲ್ಲಿ ಪರದೆ ಬೆಳ್ಳಗಾಯಿತು. ಹೆಸರಿಲ್ಲ, ನಂಬರಿಲ್ಲ, ಸಾಲಿಲ್ಲ. ಆ ಬಿಳಿಯ ನಡುವೆ ಗ್ರೋಜ್ದಾಳ ಕೆಂಪು ಬಾಣ ಒಂದೇ ಅಂಟಿಕೊಂಡಿತ್ತು. ಬಾಗಿಲ ಮೇಲೆ ಮತ್ತೆ ಗುದ್ದು ಬಿತ್ತು. ಯಾರೂ ಬಾಗಿಲ ಕಡೆ ಹೋಗಲಿಲ್ಲ.